ಎಲ್ಲರಿಗೂ ಗುರುತಿದ್ದ ಜಲಜ

‘ಹ್ವಾಯ್, ನೀವ್ ಯಾರ ಪೈಕಿ?’

ಉಪ್ಪುಂದದಲ್ಲಿ ಬಸ್ಸಿಳಿದ ಮೊದಲ ದಿನ, ಮೀನು ಮಾರುವ ಗಿರಿಜ ತಲೆಯ ಬುಟ್ಟಿ ಕೆಳಗಿಡದೆಯೇ ಕೇಳಿದ್ದಳು. ನನ್ನ ಹೆಸರಲ್ಲ, ನಾನು ಯಾರ ಕಡೆಯವಳು ಅಂತ. ಮುಂಬೈಯವರಿಗೆ ಇದು ಅರ್ಥವಾಗದು. ಅಲ್ಲಿ ನಲವತ್ತು ವರ್ಷ ಇದ್ದರೂ ಎದುರು ಫ್ಲಾಟಿನವರಿಗೆ ನಾನು ‘ಥರ್ಡ್ ಫ್ಲೋರ್ ಆಂಟಿ’ ಅಷ್ಟೆ.

ಗಂಡ ಹೋದ ಮೇಲೆ ಅವರ ಊರಿಗೆ, ಮೈದುನನ ಸೊಸೆ ಜಲಜನ ಮನೆಗೆ ಬಂದೆ. ಮಂಗಳೂರು ಕಾನ್ವೆಂಟಿನ ನನ್ನ ಕನ್ನಡಕ್ಕೆ ಇಲ್ಲಿಯ ಮಾತಿನ ಸ್ಪೀಡ್ ಸಿಗದು. ‘ಹೋಪ’ ಅಂದರೆ ಹೋಗೋಣ ಎಂದು ಹೊಳೆಯುವಷ್ಟರಲ್ಲಿ ಜಲಜ ಗೇಟು ದಾಟಿರುತ್ತಿದ್ದಳು. ಅವಳು ಅಂಗನವಾಡಿ ಟೀಚರ್. ಸಂಜೆ ಜೊತೆಗೆ ವಾಕ್ ಹೊರಟರೆ ಹತ್ತು ಹೆಜ್ಜೆಗೊಂದು ‘ಜಲಜಕ್ಕಾ!’ ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗಿತ್ತು.

ಪಂಚಾಯತ್ ಎಲೆಕ್ಷನ್ನಿಗೆ ನಿಲ್ಲು ಎಂದು ಹುರಿದುಂಬಿಸಿದವಳು ನಾನೇ. ನಿಲ್ಲಬೇಕಾದರೆ ಕೆಲಸ ಬಿಡಬೇಕು, ಅವಳು ಅಳುಕಿದಳು. ಯಾರು ಗೆಲ್ಲುತ್ತಾರೆ ಎಂದು ನಾನು ಬಸ್‌ಸ್ಟಾಪಿನಲ್ಲಿ, ಅಂಗಡಿಯಲ್ಲಿ ಕಂಡಕಂಡವರನ್ನು ಕೇಳಿದೆ. ಎಲ್ಲರದ್ದೂ ಒಂದೇ ಮಾತು: ‘ಜಲಜಕ್ಕನೇ ಅಲ್ದಾ? ಉಳ್ದವ್ರ ಗುರ್ತ್ ಯಾರಿಗಿತ್ತ್?’

‘ಲ್ಯಾಂಡ್‌ಸ್ಲೈಡ್, ಮೈ ಡಿಯರ್’ ಎಂದೆ. ಅವಳು ರಾಜೀನಾಮೆ ಬರೆದಳು.

ಸೋತಳು, ಬೆರಳಲ್ಲಿ ಎಣಿಸುವಷ್ಟು ವೋಟಿನಿಂದ.

ಮರುದಿನ ಬಂಗುಡೆ ತಂದ ಗಿರಿಜಳನ್ನು ಹಿಡಿದು ಕೇಳಿದೆ, ‘ಜಲಜನೇ ಗೆಲ್ಲುವುದು ಅಂತ ನೀನೂ ಹೇಳಿದ್ದೆಯಲ್ಲ?’

‘ಹೇಳಿದ್ದೆ ಅಮ್ಮ. ಅವ್ರ್ ಹ್ಯಾಂಗೂ ಗೆಲ್ತ್ರ್, ನನ್ ಒಂದ್ ವೋಟ್ ಎಂತಕೆ ಅಂದ್ಕಂಡೆ. ನಮ್ ಪೈಕಿಯವ್ಳ್ ಒಬ್ಳ್ ನಿಂತಿದ್ಲ್. ಪಾಪ, ಅವ್ಳಿಗ್ ಯಾರ್ ಹಾಕ್ತ್ರ್ ಅಂದ್ಹೇಳಿ ಅವ್ಳಿಗ್ ಹಾಕ್ದೆ.’

ಗೆದ್ದದ್ದು ಆ ‘ಪಾಪ’ವೇ.

ಬಂಗುಡೆಯ ದುಡ್ಡು ಕೊಟ್ಟು ಒಳಗೆ ಬಂದೆ. ಇಲ್ಲಿಯ ವೋಟರ್ ಲಿಸ್ಟಿಗೆ ಹೆಸರು ಸೇರಿಸಲೆಂದು ಜಲಜ ತಿಂಗಳುಗಳ ಹಿಂದೆಯೇ ತಂದುಕೊಟ್ಟ ಫಾರ್ಮು ನನ್ನ ಟ್ರಂಕಿನಲ್ಲಿ ಖಾಲಿಯಾಗಿಯೇ ಇತ್ತು. ಮುಂಬೈಯ ಲಿಸ್ಟಿನಿಂದ ಹೆಸರು ತೆಗೆಸಿದರೆ ಅಲ್ಲಿ ನಾನು ಇದ್ದೆ ಎನ್ನುವುದಕ್ಕೆ ಏನೂ ಉಳಿಯದು ಅನಿಸಿತ್ತು. ಹೇಗೂ ಅವಳು ಗೆಲ್ಲುತ್ತಾಳಲ್ಲ, ನನ್ನೊಂದು ವೋಟು ಯಾಕೆ? ವೋಟಿನ ದಿನ ಜಲಜ ಲಿಸ್ಟಿನಲ್ಲಿ ನನ್ನ ಹೆಸರು ಎರಡು ಸಲ ಹುಡುಕಿದ್ದಳಂತೆ.

ಅಂಗನವಾಡಿಗೆ ಬೇರೆ ಟೀಚರ್ ಬಂದಿದ್ದಾಳೆ. ದಾರಿಯಲ್ಲಿ ಜನ ಈಗಲೂ ‘ಜಲಜಕ್ಕಾ’ ಅನ್ನುತ್ತಾರೆ. ಅವಳು ವಾಕ್ ಬಿಟ್ಟಿದ್ದಾಳೆ.

ನಿನ್ನೆ ಕುಂದಾಪುರದ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನತ್ತ ತಿರುಗಿ, ‘ಅಮ್ಮ ಯಾರ ಪೈಕಿ?’ ಎಂದಳು. ನಾನು ಪಕ್ಕದಲ್ಲಿದ್ದ ಜಲಜನ ಮುಖ ನೋಡಿದೆ.

ಅವಳು ಕಿಟಕಿಯ ಕಡೆಯಿಂದ ತಿರುಗದೆಯೇ ಹೇಳಿದಳು, ‘ಅವ್ರಾ? ಬೊಂಬಾಯಿಯವ್ರ್.’