ಈಯದ ಪಾತ್ರೆ

ಎಪ್ಪತ್ತರ ದಶಕದಲ್ಲಿ ಕಾಶಿಯ ಪ್ರಯೋಗಾಲಯವೊಂದರಲ್ಲಿ ನನಗೆ ಅಣುಸ್ಥಾವರದ ತ್ಯಾಜ್ಯವನ್ನು ಅಳೆಯುವ ಕೆಲಸವಿತ್ತು. ಸಾವಿರಾರು ವರ್ಷ ಆರದೆ ಉಳಿಯುವ ಕೆಲವು ಧಾತುಗಳು ಅದರಲ್ಲಿ ಎಳ್ಳಿನ ಮೊನೆಯಷ್ಟು ಮಾತ್ರ ಇರುತ್ತವೆ. ಅವುಗಳ ಕ್ಷೀಣ ವಿಕಿರಣವನ್ನು ಎಣಿಸಲು ಯಂತ್ರದ ಸುತ್ತ ಸೀಸದ ಗೋಡೆ ಬೇಕು. ಹೊಸ ಸೀಸ ತಾನೇ ಅಷ್ಟಿಷ್ಟು ವಿಕಿರಣ ಸೂಸುತ್ತದೆ. ತುಂಬ ಹಳೆಯದು ಸುಮ್ಮನಿರುತ್ತದೆ. ಹಾಗಾಗಿ ಸೋನಾರ್‌ಪುರದ ಗುಜರಿ ಅಂಗಡಿಗಳಲ್ಲಿ ಹಳೆಯ ಸೀಸ ಹುಡುಕುತ್ತಿದ್ದೆ.

ನಾನಿದ್ದ ಬಂಗಾಲಿ ಟೋಲಾ ಕೇರಿಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಹಾಸನದ ಕಡೆಯ ಸೀತಮ್ಮನವರಿದ್ದರು. ಗಂಡ ತೀರಿದ ಮೇಲೆ ಕೊನೆಗಾಲಕ್ಕೆಂದು ಕಾಶಿಗೆ ಬಂದವರು. ನನ್ನ ಹುಡುಕಾಟದ ಸುದ್ದಿ ಕೇಳಿ, ಒಂದು ಸಂಜೆ ಸೆರಗಿನಲ್ಲಿ ಸುತ್ತಿದ ಪಾತ್ರೆಯೊಂದನ್ನು ತಂದು ನನ್ನ ಮುಂದಿಟ್ಟರು.

“ಈಯ ಅಂದ್ರೆ ಸೀಸ ತಾನೇ? ಇದು ನಮ್ಮತ್ತೆಯ ಅತ್ತೆ ಕಾಲದ್ದು. ನಮ್ಮ ಯಜಮಾನರಿಗೆ ಇದರಲ್ಲೇ ಸಾರು ಮಾಡಿ ಬಡಿಸ್ತಿದ್ದೆ. ಕರಗಿಸ್ಕೋ. ಮುಂದೆ ಹುಟ್ಟೋ ಮಕ್ಕಳಿಗೆ ಒಳ್ಳೇದಾಗೋ ಕೆಲಸ ಅಂದಿದ್ದೆಯಲ್ಲ.”

ಎತ್ತಿ ನೋಡಿದೆ. ಸೀಸಕ್ಕಿಂತ ಎಷ್ಟೋ ಹಗುರವಾಗಿತ್ತು. ಅವರಿಗೆ ಬೇಸರವಾದೀತೆಂದು ಅಂಜುತ್ತಲೇ, “ಅಮ್ಮಾ, ಇದು ಸೀಸ ಅಲ್ಲ, ತವರ. ನಮ್ಮ ಕೆಲಸಕ್ಕೆ ಬರಲ್ಲ,” ಎಂದೆ.

ಅವರು ಪಾತ್ರೆಯನ್ನು ಮಡಿಲಿಗೆಳೆದುಕೊಂಡರು. “ಬೆಳಿಗ್ಗೆಯಿಂದ ಅಳ್ತಾ ಇದ್ದೆ ಕಣಪ್ಪ. ನಿಜವಾಗಿ ಬೇಡ ತಾನೇ?”

“ಬೇಡಮ್ಮ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ಅವರು ಕಣ್ಣೊರೆಸಿಕೊಂಡು ಅಂಗೀಠಿಯ ಇದ್ದಿಲು ಹೊತ್ತಿಸಿದರು. ಕಾಶಿಗೆ ಬಂದ ಮೇಲೆ ಮೊದಲ ಸಲ ಆ ಪಾತ್ರೆಯಲ್ಲಿ ಸಾರು ಕುದಿಯಿತು. ನನ್ನನ್ನೇ ಊಟಕ್ಕೆ ಕೂರಿಸಿದರು.

ಹಳೆಯ ಸೀಸ ಮುಂದೆ ಸಿಕ್ಕಿತು, ಅಳತೆಯೂ ಮುಗಿಯಿತು. ಅಳೆಯುವುದೇ ಕಸುಬಾದರೂ, ಅಂದಿನ ಸಾರಿಗೆ ಉಪ್ಪು ಎರಡರಷ್ಟು ಬಿದ್ದಿದ್ದನ್ನು ಮಾತ್ರ ನಾನು ಯಾರಿಗೂ ವರದಿ ಮಾಡಲಿಲ್ಲ.