ಚಳಿ ಹಿಡಿದ ಪೆಟ್ಟಿಗೆ

ಲಾರಿಯ ಎಂಜಿನ್ ಓಡುತ್ತಿತ್ತು. ಮಹಾಬಲ ಎಡಗೈಯ ಹಿಂಬದಿಯನ್ನು ಡೈನಮೋದ ಮೇಲಿಟ್ಟು, ಕಣ್ಣು ಮುಚ್ಚಿ, ಐದು ಎಣಿಸುವಷ್ಟು ಹೊತ್ತು ನಿಂತರು. ಕೈಯನ್ನು ಒಂದಂಗುಲ ಹಿಂದಕ್ಕೆ ಸರಿಸಿ ಮತ್ತೆ ಐದು ಎಣಿಸಿದರು.

"ಹಿಂದಿನ ಬುಶ್ ಹೋಗಿದೆ," ಎಂದರು.

ಬಿಚ್ಚಿ ನೋಡಿದಾಗ ಸವೆದುಹೋಗಿದ್ದುದು ದಂಡ ತಿರುಗುವ ಹಿಂದಿನ ಬುಶ್ಶೇ. ಚಾಲಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕುಲಶೇಖರದ ಆ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷಗಳಿಂದ ಇದು ಹೀಗೆಯೇ ನಡೆಯುತ್ತಿತ್ತು. 1972ರಲ್ಲಿ ಹಂಪನಕಟ್ಟೆಯ ರೇಡಿಯೋ ಅಂಗಡಿಯ ಕೆಲಸ ಬಿಟ್ಟು ವಾಹನಗಳ ವಯರಿಂಗ್‌ಗೆ ಕೈ ಹಾಕಿದಾಗ ಮಹಾಬಲರ ಬಳಿ ಇದ್ದದ್ದು ಒಂದು ಮೀಟರ್, ಒಂದು ಬೆಸುಗೆ ಕಡ್ಡಿ. ಉಳಿದದ್ದನ್ನು ಕೈ ಕಲಿಯಿತು. ಯಾವ ತಂತಿ ಎಷ್ಟು ಬೆಚ್ಚಗಿರಬೇಕು, ಯಾವ ಕಾಯಿಲ್ ಎಷ್ಟು ಸುಡಬೇಕು ಎಂಬುದು ಅವರ ಕೈಯ ಹಿಂಬದಿಗೆ ಗೊತ್ತಿತ್ತು. ಬಿ.ಸಿ. ರೋಡಿನಿಂದಲೂ ಲಾರಿಗಳು ಬರುತ್ತಿದ್ದುದು ಆ ಕೈಗಾಗಿ.

ಅದು ಬಲಗೈ. 1986ರ ಜನವರಿಯಿಂದ ಅವರು ಎಡಗೈಯಿಂದ ನೋಡತೊಡಗಿದ್ದರು. ಮೇ ತಿಂಗಳು ಬಂದರೂ ಶೆಡ್ಡಿಗೆ ಬರುವವರು ಯಾರೂ ಅದನ್ನು ಗಮನಿಸಿರಲಿಲ್ಲ. ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು, ಅಂಗೈಯ ಹೊರ ಅಂಚು ಇಷ್ಟೂ ಮೆಲ್ಲಮೆಲ್ಲನೆ ಬೇರೆ ಯಾರದೋ ಕೈಯ ಹಾಗೆ ಆಗುತ್ತಿದ್ದವು. ಮೊಣಕೈಯ ಬಳಿ ನಾಲ್ಕಾಣೆ ನಾಣ್ಯದಷ್ಟು ಜಾಗ ಮಾಸಲಾಗಿತ್ತು. ಅದನ್ನು ಮುಚ್ಚಲು ಸೆಕೆಯಲ್ಲೂ ಅವರು ಉದ್ದ ತೋಳಿನ ಅಂಗಿ ಹಾಕುತ್ತಿದ್ದರು. ಹೆಂಡತಿ ಕುಶಲಾ ಕೇಳಿದ್ದಕ್ಕೆ, ಬ್ಯಾಟರಿಯ ಆಸಿಡ್ ಹಾರುತ್ತದೆ ಎಂದಿದ್ದರು.

ಎವ್ಲಿನ್ ಅವರ ಕಾರು ಬಂದದ್ದು ಆ ತಿಂಗಳ ಎರಡನೇ ವಾರದಲ್ಲಿ. ಎಳೆದು ತಂದದ್ದು ಒಂದು ಟೆಂಪೋ. ಎವ್ಲಿನ್ ಹನ್ನೊಂದು ವರ್ಷ ಬಹರೈನ್‌ನಲ್ಲಿ ನರ್ಸ್ ಆಗಿದ್ದು, ಊರಿಗೆ ಮರಳಿ ನಗರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದರು. ಜೊತೆಗೆ ತಂದದ್ದು ಜಪಾನಿನ ಬಿಳಿ ಕಾರು. ಸ್ಟಿಯರಿಂಗ್ ಎಡಗಡೆ. ಬಲಗಡೆಯ ಸೀಟಿನಲ್ಲಿ ಕುಳಿತವರು ಎದುರಿನಿಂದ ನೋಡುವವರಿಗೆ ಕೈಬಿಟ್ಟು ಕಾರು ಓಡಿಸುವಂತೆ ಕಾಣುತ್ತಿದ್ದರು.

ಕಾರು ಮನೆಯಿಂದ ಚೆನ್ನಾಗಿಯೇ ಹೊರಡುತ್ತಿತ್ತು. ನಾಲ್ಕು ನಿಮಿಷಕ್ಕೆ ಕಪ್ಪು ಹೊಗೆ ಉಗುಳಿ, ನಡುಗಿ, ನಿಲ್ಲುತ್ತಿತ್ತು. ಸತತ ಮೂರು ದಿನ ಹೀಗಾಯಿತು, ಮೂರು ದಿನವೂ ನಿಂತದ್ದು ಇಗರ್ಜಿಯ ಸ್ಮಶಾನದ ಗೋಡೆಯ ಪಕ್ಕದಲ್ಲಿ. ಮೂರನೇ ದಿನ ಗೋಡೆಯ ಆಚೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡಳಂತೆ.

"ಇದಕ್ಕೆ ಮೆಕ್ಯಾನಿಕ್ ಎಂತಕ್ಕೆ ಬಾಯಮ್ಮ? ಪಾದ್ರಿಗಳನ್ನು ಕರ್ಕೊಂಡು ಬನ್ನಿ," ಎಂದರು ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದ ಇಸಿದೋರ್.

"ಪಾದ್ರಿಗಳಿಗೆ ಕಾರ್ಬುರೇಟರ್ ಗೊತ್ತುಂಟಾ ಪೊರ್ಬುಗಳೇ?" ಎಂದರು ಮಹಾಬಲ. ಊರಿನ ಕ್ರೈಸ್ತ ಗಂಡಸರಿಗೆ ಪೊರ್ಬು, ಹೆಂಗಸರಿಗೆ ಬಾಯಮ್ಮ ಎನ್ನುವುದು ರೂಢಿ.

"ಇದಕ್ಕೆ ಕಾರ್ಬುರೇಟರೇ ಇಲ್ಲ," ಎಂದರು ಎವ್ಲಿನ್.

ಬಾನೆಟ್ ಎತ್ತಿ ನೋಡಿದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಆ ಭಾಗ ನಿಜಕ್ಕೂ ಇರಲಿಲ್ಲ. ಅದರ ಜಾಗದಲ್ಲಿ ಕೊಳವೆಗಳು, ಪ್ರತಿ ಕೊಳವೆಗೂ ಒಂದು ತಂತಿ, ಎಲ್ಲ ತಂತಿಗಳೂ ಎಂಜಿನ್ನಿನ ಹಿಂದಿನ ತಗಡಿನ ಗೋಡೆ ತೂರಿ ಕಾರಿನ ಒಳಕ್ಕೆ ಹೋಗುತ್ತಿದ್ದವು. ಹಿಂಬಾಲಿಸಿದರೆ ಅವು ಕೊನೆಗೊಂಡದ್ದು ಬಲಗಡೆಯ ಡ್ಯಾಶ್‌ಬೋರ್ಡಿನ ಅಡಿಯ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ. ಊಟದ ಡಬ್ಬಿಯಷ್ಟು ದೊಡ್ಡದು. ಎಂಜಿನ್ ಓಡುವಾಗ ಮಹಾಬಲ ಅದರ ಮೇಲೆ ಎಡಗೈ ಇಟ್ಟರು. ಬಿಸಿ ಇಲ್ಲ, ಕಂಪನ ಇಲ್ಲ, ಸದ್ದೂ ಇಲ್ಲ.

ಕಾರಿನ ಜೊತೆಗೇ ಬಂದಿದ್ದ ಪುಸ್ತಕವನ್ನು ಎವ್ಲಿನ್ ಓದಿ ಹೇಳಿದರು. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ಸೆನ್ಸರ್ ಪೆಟ್ಟಿಗೆಗೆ ತಿಳಿಸುತ್ತದೆ. ಎಂಜಿನ್ ತಣ್ಣಗಿದ್ದರೆ ಪೆಟ್ಟಿಗೆ ಪೆಟ್ರೋಲ್ ಹೆಚ್ಚು ಕೊಡುತ್ತದೆ, ಬಿಸಿಯಾದಂತೆ ಕಡಿಮೆ ಮಾಡುತ್ತದೆ. ಸ್ಪಾರ್ಕ್ ಪ್ಲಗ್‌ಗಳು ಮಸಿಯಲ್ಲಿ ತೊಯ್ದಿದ್ದವು. ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ. ಪುಸ್ತಕದ ಪಟ್ಟಿಯಲ್ಲಿ ಇಷ್ಟು ಪೆಟ್ರೋಲ್ ಬರೆದಿದ್ದದ್ದು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಸಾಲಿನಲ್ಲಿ. ಹೊರಗೆ ತಗಡಿನ ಮಾಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಪೆಟ್ಟಿಗೆ ಮಾತ್ರ ಹಿಮ ಬೀಳುವ ಯಾವುದೋ ಊರಿನಲ್ಲಿ ಕುಳಿತಂತಿತ್ತು.

ಎವ್ಲಿನ್ ಡ್ಯೂಟಿಗೆ ಹೋದ ಮೇಲೆ ಮಹಾಬಲ ಬಾನೆಟ್‌ನೊಳಗೆ ಬಗ್ಗಿ ಸೆನ್ಸರ್‌ನ ತಂತಿಯನ್ನು ನೋಡುತ್ತಿದ್ದರು. ಆಗಷ್ಟೇ ಆರಿಸಿದ ಎಂಜಿನ್.

"ಎಂತ ಮಾರಾಯ, ಒಣಮೀನು ಸುಡ್ತಿದ್ದಿಯಾ?" ಇಸಿದೋರ್ ಆಚೆಯಿಂದ ಕೂಗಿದರು.

ಮಹಾಬಲರ ಮೂಗಿಗೂ ವಾಸನೆ ಬಡಿಯಿತು. ಎಲ್ಲಿಂದ ಎಂದು ಹುಡುಕಿದರು. ಆಧಾರಕ್ಕಾಗಿ ಚಾಚಿದ್ದ ಬಲಗೈಯ ಅಂಚು ಹೊಗೆ ಕೊಳವೆಯ ಬುಡಕ್ಕೆ ಒತ್ತಿಕೊಂಡಿತ್ತು. ಎತ್ತುವಾಗ ಚರ್ಮ ಸ್ವಲ್ಪ ಅಂಟಿಕೊಂಡಿತು. ನೋವು ಬಂದೀತು ಎಂದು ಅವರು ನಿಂತು ಕಾದರು. ಬರಲಿಲ್ಲ.

"ವಯರಿನ ರಬ್ಬರ್ ಪೊರ್ಬುಗಳೇ," ಎಂದರು.

ಸುರತ್ಕಲ್ ಕಡೆಯ ಬಾಲ್ಯದಲ್ಲಿ ಅವರಿಗೊಬ್ಬ ಸೋದರಮಾವ ಇದ್ದರು. ಅವರ ಹೆಸರನ್ನೂ ಅವರ ಕಾಯಿಲೆಯ ಹೆಸರನ್ನೂ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಕಾಟಿಪಳ್ಳದ ಗುಡ್ಡದ ಅಂಚಿನ ಗುಡಿಸಲಿನಲ್ಲಿ ಅವರೊಬ್ಬರೇ ವಾಸ. ಮಧ್ಯಾಹ್ನ ಅಜ್ಜಿ ಗಂಜಿಯನ್ನು ದಾರಿಯ ಕಲ್ಲಿನ ಮೇಲಿಟ್ಟು, ತಿರುಗಿ ನೋಡದೆ ಬರುತ್ತಿದ್ದರು. ಏಳು ವರ್ಷದ ಮಹಾಬಲ ಒಮ್ಮೆ ಕದ್ದು ಹೋಗಿದ್ದರು. ಮಾವ ಹುಡುಗನನ್ನು ಕಂಡು ಖುಷಿಯಾಗಿ, ಒಲೆಯಿಂದ ಕೆಂಡವೊಂದನ್ನು ಬರಿಗೈಯಲ್ಲಿ ಎತ್ತಿ, ಬೀಡಿ ಹಚ್ಚಿ, ಕೆಂಡವನ್ನು ಅಂಗೈಯಲ್ಲಿ ಉರುಳಿಸಿ ತೋರಿಸಿದರು. ಹುಡುಗ ಚಪ್ಪಾಳೆ ತಟ್ಟಿದ. ಮಾವ ಇನ್ನೊಂದು ಕೆಂಡ ಎತ್ತಿದರು. ಅದೊಂದು ವಿದ್ಯೆ ಎಂದು ಮಹಾಬಲ ಬಹಳ ವರ್ಷ ನಂಬಿದ್ದರು.

ಮರುದಿನ ಎವ್ಲಿನ್‌ಗೆ ರಜೆ. ಬರುವಾಗ ಮೀನು ಮಾರ್ಕೆಟಿನಿಂದ ಮಂಜುಗಡ್ಡೆ ತಂದರು, ಮಹಾಬಲರೇ ಹೇಳಿದ್ದರು. ಸೆನ್ಸರ್ ಸರಿ ಇದೆಯೇ ಎಂದು ತಿಳಿಯಲು ಅದನ್ನು ತಣ್ಣೀರಿಗೂ ಬಿಸಿನೀರಿಗೂ ಅದ್ದಿ ಮೀಟರ್ ಹಚ್ಚಿ ನೋಡಬೇಕು. ಬೆಂಚಿನ ಮೇಲೆ ಎರಡು ಸ್ಟೀಲ್ ಲೋಟ. ಒಂದರಲ್ಲಿ ಮಂಜುಗಡ್ಡೆಯ ನೀರು, ಇನ್ನೊಂದರಲ್ಲಿ ಸ್ಟೌವಿನಿಂದ ಇಳಿಸಿದ ಕುದಿನೀರು. ಮಂಜಿನಲ್ಲಿ ಮುಳ್ಳು ಒಂದು ಕಡೆ ನಿಂತಿತು, ಕುದಿನೀರಿನಲ್ಲಿ ಸರಸರನೆ ಇನ್ನೊಂದು ಕಡೆಗೆ ಓಡಿತು. ಎರಡೂ ಅಂಕೆಗಳು ಪುಸ್ತಕದಲ್ಲಿದ್ದಂತೆಯೇ ಇದ್ದವು.

"ಇದು ಗಟ್ಟಿ ಉಂಟು. ಸುಳ್ಳು ಹೇಳುವುದಿಲ್ಲ," ಎಂದು ಮಹಾಬಲ ಬಿಸಿನೀರಿನ ಲೋಟವನ್ನು ಬಲಗೈಯಲ್ಲಿ ಹಿಡಿದು ಬೆಂಚಿನ ಕೊನೆಗೆ ಹೊರಟರು.

"ಮಹಾಬಲಣ್ಣ, ಆ ಲೋಟ ಕೆಳಗಿಡಿ."

"ಎಂತಕ್ಕೆ?"

"ಇಡಿ ಅಂದೆ ಅಲ್ವಾ?"

ಅವರು ಇಟ್ಟರು. ಎವ್ಲಿನ್ ಅವರ ಕೈಯನ್ನು ತಿರುಗಿಸಿ ಅಂಚಿನ ಬೊಬ್ಬೆಯನ್ನು ನೋಡಿದರು. ಕೇಳದೆಯೇ ತೋಳು ಮಡಚಿ ಮೊಣಕೈಯ ಕಲೆಯನ್ನೂ ನೋಡಿದರು. ಅಲ್ಲಿನ ಎಲುಬಿನ ಪಕ್ಕದ ನರವನ್ನು ಬೆರಳಲ್ಲಿ ಒತ್ತಿದರು. ಅದು ಹಗ್ಗದಂತೆ ದಪ್ಪಗಾಗಿತ್ತು. ಲೋಟದ ಕುದಿ ಇಳಿಯುವವರೆಗೆ ಕಾದರು. ಇಸಿದೋರ್ ಊಟಕ್ಕೆ ಹೋಗಿದ್ದರಿಂದ ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಕಣ್ಣು ಮುಚ್ಚಿ," ಎಂದು ಹೇಳಿ ಎವ್ಲಿನ್ ಒಂದು ಲೋಟವನ್ನು ಅವರ ಬಲಗೈಯ ಬೆರಳಿಗೆ ತಾಗಿಸಿದರು. "ಈಗ ಇದು ಯಾವ ಲೋಟ?"

"ತಣ್ಣಗಿನದ್ದು."

"ಇದು?"

"ಇದೂ ತಣ್ಣಗಿನದ್ದೇ."

"ಈಗ?"

ಮಹಾಬಲ ಕಾದರು. ಹೊರಗೆ ಬಸ್ಸೊಂದು ಹೋಯಿತು. "ನೀವು ಇನ್ನೂ ಇಡಲಿಲ್ಲ," ಎಂದರು.

ಕಣ್ಣು ತೆರೆದರು. ಹಬೆಯಾಡುವ ಲೋಟ ಕಿರುಬೆರಳಿಗೆ ಒರಗಿಕೊಂಡಿತ್ತು. ಎವ್ಲಿನ್ ಅದನ್ನು ಮೆಲ್ಲಗೆ ಸರಿಸಿದರು.

"ಅದೇಯಾ?" ಎಂದು ಮಹಾಬಲ ಕೇಳಿದರು. ಅದರ ಹೆಸರನ್ನು ಅವರೂ ಹೇಳಲಿಲ್ಲ.

"ಡಾಕ್ಟ್ರು ನೋಡಿ ಹೇಳ್ಬೇಕು. ನನಗೆ ಹಾಗೆಯೇ ಕಾಣ್ತದೆ. ಈಗ ಮದ್ದು ಉಂಟು ಮಹಾಬಲಣ್ಣ. ಮನೆಯಲ್ಲೇ ಇರ್ಬಹುದು, ಕೆಲಸವೂ ಮಾಡ್ಬಹುದು."

"ನನ್ನ ಮಾವನಿಗೂ ಮದ್ದು ಉಂಟು ಅಂತ ಹೇಳಿದ್ರು."

"ಯಾವ ವರ್ಷ?"

ಮಹಾಬಲ ಸೆನ್ಸರ್ ಒರೆಸಿ ಕಾರಿಗೆ ಸಿಕ್ಕಿಸಿ, ಏನೂ ಆಗದವರಂತೆ ಮುಂದಿನ ಕೆಲಸಕ್ಕೆ ಇಳಿದರು. ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆದರು, ಎಲ್ಲೂ ತುಂಡಾಗಿರಲಿಲ್ಲ. ಆಮೇಲೆ ರೇಡಿಯೋ ಅಂಗಡಿಯ ಕಾಲದ ಡಬ್ಬಿಯಿಂದ ಕುದಿನೀರಿನಲ್ಲಿ ಮೀಟರ್ ತೋರಿಸಿದಷ್ಟೇ ಅಂಕೆಯ ಪುಟ್ಟ ರೆಸಿಸ್ಟರೊಂದನ್ನು ಹುಡುಕಿ, ಸೆನ್ಸರ್ ಬದಲು ಅದನ್ನೇ ಪೆಟ್ಟಿಗೆಯ ಬಾಯಿಗೆ ಜೋಡಿಸಿದರು. ಎಂಜಿನ್ ಕುದಿಯುತ್ತಿದೆ ಎಂದು ಪೆಟ್ಟಿಗೆಗೆ ಹೇಳಿದ ಸುಳ್ಳು ಅದು. ಪೆಟ್ಟಿಗೆ ಅದನ್ನೂ ಕೇಳಲಿಲ್ಲ. ಹಿಮದೂರಿನ ಪೆಟ್ರೋಲನ್ನೇ ಸುರಿಯಿತು, ಕಪ್ಪು ಹೊಗೆ ಮಾಡಿನವರೆಗೆ ಏರಿತು. ಮುಚ್ಚಳ ತೆಗೆದಾಗ, ಬಿರುಸಾದ ಅರಗಿನ ಅಡಿಯಲ್ಲಿ ಕೂದಲಿನಷ್ಟು ತೆಳ್ಳಗಿನ ತಾಮ್ರದ ಗೆರೆಯೊಂದು ಹಸಿರು ಕಿಲುಬು ಹಿಡಿದು ತುಂಡಾಗಿದ್ದು ಕಂಡಿತು. ಅರಗು ಕೆತ್ತಿದರೆ ಗೆರೆಯೂ ಏಳುತ್ತಿತ್ತು. ಬೆಸುಗೆ ಹಾಕುವ ಹಾಗಿರಲಿಲ್ಲ.

"ಸುದ್ದಿ ಬಾಗಿಲವರೆಗೆ ಬರ್ತದೆ. ಒಳಗೆ ತಗೊಳ್ಳುವವರಿಲ್ಲ," ಎಂದರು. "ಪೆಟ್ಟಿಗೆಯೇ ಬೇರೆ ಬೇಕು."

"ನಿಮ್ಮದು ಇದರ ಉಲ್ಟಾ," ಎಂದರು ಎವ್ಲಿನ್. "ಪೆಟ್ಟಿಗೆ ಸರಿ ಉಂಟು, ವಯರ್ ಹೋಗ್ತಾ ಉಂಟು. ಅದನ್ನು ಬಹರೈನ್‌ನಿಂದ ತರಿಸ್ಲಿಕ್ಕೆ ಆಗುವುದಿಲ್ಲ. ನಾಳೆಯೇ ಬನ್ನಿ."

"ಮೊದಲು ಕಾರು ಆಗ್ಲಿ."

"ನರ ಕಾಯುವುದಿಲ್ಲ."

"ಪೆಟ್ಟಿಗೆ ಬಂದ ದಿನ ಬರ್ತೇನೆ ಬಾಯಮ್ಮ. ಮಾತು."

ಎವ್ಲಿನ್ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಬಹರೈನ್‌ನಲ್ಲಿದ್ದ ಅಣ್ಣ ಒಸ್ವಾಲ್ಡ್‌ಗೆ ಅಂದೇ ಟೆಲಿಗ್ರಾಂ ಕಳಿಸಿದರು. ಕಾರು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಅಡಿ ಉಳಿಯಿತು.

ಕಾದದ್ದು ಆರು ವಾರ. ಆ ದಿನಗಳಲ್ಲಿ ಮಹಾಬಲ ಬೇರೆ ಬಟ್ಟಲಿನಲ್ಲಿ ಊಟ ಮಾಡತೊಡಗಿದರು. ತಾವೇ ತೊಳೆದು, ಹೊರಗಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕವುಚಿ ಹಾಕುತ್ತಿದ್ದರು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮೊದಲ ಬಾರಿ ಬಟ್ಟಲನ್ನು ಕಲ್ಲಿನ ಮೇಲಿಟ್ಟು ಬಂದಾಗ ತಾವು ತಿರುಗಿ ನೋಡಲಿಲ್ಲ ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಕೆಲವೊಮ್ಮೆ ಕಿರುಬೆರಳಿನಲ್ಲಿ ಚಳಿ ಏಳುತ್ತಿತ್ತು. ಬಿಸಿಲಿಗೆ ಹಿಡಿದರೂ ಹೋಗುತ್ತಿರಲಿಲ್ಲ. ಆಗ ಅವರು ಮೂಲೆಯ ಟಾರ್ಪಾಲಿನ ಕಡೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದರು.

ಬಟ್ಟಲು ಬೇರೆಯಾದ ಮೂರನೇ ದಿನ ಕುಶಲಾ ಬೀಡಿ ಕಟ್ಟುವ ಮೊರವನ್ನು ಬದಿಗಿಟ್ಟು ಕಲ್ಲಿನ ಹತ್ತಿರ ಹೋದರು. ಬಟ್ಟಲನ್ನು ತಂದು ಉಳಿದ ಬಟ್ಟಲುಗಳ ನಡುವೆ ಇಟ್ಟರು.

"ಹೊರಗೆ ಕಾಗೆ ಮುಟ್ಟುತ್ತದೆ," ಎಂದರು. "ನಾಳೆಯಿಂದ ಒಳಗೆ ಇಡಿ."

"ಕುಶಲಾ, ನನ್ನ ಕೈ..."

"ನನಗೆ ಕಣ್ಣಿಲ್ವಾ? ಜನವರಿಯಿಂದ ಬಿಸಿ ಚಾದ ಲೋಟವನ್ನು ಅಂಚು ಬಿಟ್ಟು ನಡುವಿಗೇ ಹಿಡೀತೀರಿ. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಪೆಟ್ಟಿಗೆ ಬಂದದ್ದು ಜೂನ್ ಕೊನೆಯ ಮಂಗಳವಾರ. ಬಹರೈನ್‌ನಿಂದ ಬಂದವರೊಬ್ಬರ ಸೂಟ್‌ಕೇಸಿನಲ್ಲಿ, ಟರ್ಕಿ ಟವಲಿನಲ್ಲಿ ಸುತ್ತಿ, ಪೌಡರ್ ಡಬ್ಬಿಗಳ ನಡುವೆ. ಟವಲು ಬಿಚ್ಚಿದರೆ ಸುವಾಸನೆ. ಸಂಖ್ಯೆಯನ್ನು ಇಬ್ಬರೂ ಎರಡು ಸಲ ಹೋಲಿಸಿದರು. ಮಹಾಬಲ ಬ್ಯಾಟರಿಯ ತಂತಿ ಕಳಚಿ, ಹಳೆಯ ಪೆಟ್ಟಿಗೆಯ ನಾಲ್ಕು ನಟ್ ಬಿಚ್ಚಿ, ಅಗಲವಾದ ಪ್ಲಗ್ಗನ್ನು ಅಲುಗಿಸದೆ ನೇರವಾಗಿ ಎಳೆದರು. ಹೊಸದನ್ನು ಕೂರಿಸಿದರು. ಸಣ್ಣ ನಟ್ ಎರಡು ಸಲ ಕಿರುಬೆರಳಿನಿಂದ ಜಾರಿ ಬಿತ್ತು. ಎರಡು ಸಲವೂ ಎವ್ಲಿನ್ ಹೆಕ್ಕಿ ಕೊಟ್ಟರು.

ಕಾರು ಹೊರಟಿತು. ಎವ್ಲಿನ್ ಎಡಗಡೆ, ಮಹಾಬಲ ಬಲಗಡೆಯ ಸೀಟಿನಲ್ಲಿ, ಪೆಟ್ಟಿಗೆಯ ಎದುರಿಗೆ. ಮಳೆ ಬರುತ್ತಿತ್ತು.

"ಹುಷಾರು ಮಾರಾಯ, ಬ್ರೇಕ್ ಒತ್ತು!" ಎಂದು ಇಸಿದೋರ್ ಸ್ಟಿಯರಿಂಗ್ ಇಲ್ಲದ ಮಹಾಬಲರಿಗೆ ಕೂಗಿ ನಕ್ಕರು.

ಮಹಾಬಲ ಗಡಿಯಾರ ನೋಡುತ್ತಿದ್ದರು. ಮೂರು ನಿಮಿಷ. ನಾಲ್ಕು. ಸ್ಮಶಾನದ ಗೋಡೆ ಬಂತು, ಪಾಚಿಗಟ್ಟಿದ ಅದರ ಉದ್ದವೆಲ್ಲ ಕಿಟಕಿಯ ಹೊರಗೆ ಹಾದುಹೋಯಿತು. ಎಂಜಿನ್ನಿನ ಸದ್ದು ಸಣ್ಣಗಾಗಿ ಸಮನಾಯಿತು. ಬಿಸಿಯ ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಹಿಂದೆ ಹೊಗೆ ಇರಲಿಲ್ಲ.

"ಸಾಕು, ತಿರುಗಿಸಿ," ಎಂದರು.

ಎವ್ಲಿನ್ ತಿರುಗಿಸಲಿಲ್ಲ. "ಪೆಟ್ಟಿಗೆ ಬಂತಲ್ಲ?" ಎಂದರು.

ಮಹಾಬಲ ಬಲಗೈಯ ತೋಳಿನ ಗುಂಡಿ ಬಿಚ್ಚಿ ಮೊಣಕೈಯವರೆಗೆ ಮಡಚಿಕೊಂಡರು. ಕಾರು ಆಸ್ಪತ್ರೆಯ ಚರ್ಮರೋಗ ವಿಭಾಗದ ಪೋರ್ಟಿಕೋದಲ್ಲಿ ನಿಂತಿತು.

ಅಂದು ಅವರಿಗೆ ಮೂರು ಬಗೆಯ ಗುಳಿಗೆ ಕೊಟ್ಟರು. ಆಮೇಲೆ ಪ್ರತಿ ತಿಂಗಳ ನಾಲ್ಕನೇ ಮಂಗಳವಾರ ಅವರು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬಂದರು, ಮೊದಲ ದಿನವೂ ಸೇರಿ ಒಟ್ಟು ಇಪ್ಪತ್ತನಾಲ್ಕು ಸಲ. ಗುಳಿಗೆಯಿಂದ ಮುಖ ಕಪ್ಪಾಯಿತು, ಕಲೆ ಮಾಯವಾಯಿತು, ಕಾಯಿಲೆ ಮೂರನೇ ಬೆರಳಿಗೆ ಹರಡಲಿಲ್ಲ. ಆ ಎರಡು ಬೆರಳುಗಳಿಗೆ ಬಿಸಿ ಮತ್ತೆ ತಿಳಿಯಲಿಲ್ಲ. 1988ರ ಮೇ ತಿಂಗಳ ನಾಲ್ಕನೇ ಮಂಗಳವಾರ ಕೊನೆಯ ಗುಳಿಗೆ ನುಂಗಿ, ಅಂದು ಮಧ್ಯಾಹ್ನವೇ ಮಹಾಬಲ ಒಂದು ಲಾರಿಯ ಡೈನಮೋ ನೋಡಿದರು, ಎಡಗೈಯಿಂದ.