ಕೆನ್ನೆಯ ಮೇಲಿನ ಗೀರು

ಎಂಟು ತಿಂಗಳ ಇಂಚರಾಳ ಕೆನ್ನೆಯ ಮೇಲೆ ಗೀರು ಕಂಡಂದಿನಿಂದ ನನ್ನ ಅನುಮಾನವೆಲ್ಲ ಕೆಂಚನ ಮೇಲೆ. ಕೆಂಚ ಪಕ್ಕದ ಮನೆಯ ಗಿರಿಜಕ್ಕನ ಬೆಕ್ಕು. ಧಾರವಾಡದ ಗಿರಿಜಕ್ಕ ಈ ಪರದೇಶದ ವಾಗೆನಿಂಗನ್ ಊರಿನಲ್ಲಿ ಬೀಜಗಳ ಸಂಶೋಧಕಿ, ಒಂಟಿ ಜೀವ. ನಾನು ಸ್ನಾನಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಅವರೇ. ಹಿಂದೆಯೇ ಬೆಕ್ಕೂ ಬರುತ್ತದೆ.

"ಅಕ್ಕಾ, ಅದರ ಉಗುರು ತೆಗೆಸಿಬಿಡಿ," ಎಂದೆ.

"ಯವ್ವಾ, ಅದು ಬರೇ ಉಗುರಲ್ಲ, ಬೆರಳಿನ ತುದೀನ ಕತ್ತರಸ್ತಾರ. ಈ ದೇಶದಾಗ ಅದಕ್ಕ ಪರವಾನಗಿನೂ ಇಲ್ಲ. ಹಗ್ಗ ಸುತ್ತಿದ ಕಂಬ ಪರಚೂದು ಕಲಿಸೇನಿ. ನಿಮ್ಮ ಸೋಫಾಕ್ಕ ಎಂದರ ಉಗುರು ಹಚ್ಚ್ಯಾನ?"

"ಸೋಫಾ ಬೇರೆ, ಮಗು ಬೇರೆ. ಕಲಿಸಿದ್ದನ್ನ ಪ್ರಾಣಿ ಮರೆಯಲ್ವಾ?"

ಅವರ ಮುಖ ಸಣ್ಣದಾಯಿತು. ಮರುದಿನದಿಂದ ಅವರೂ ಬರಲಿಲ್ಲ, ಬೆಕ್ಕೂ ಬರಲಿಲ್ಲ. ಕೆಂಚನನ್ನು ಯಾರಿಗೋ ಕೊಟ್ಟುಬಿಡುತ್ತಾರಂತೆ ಎಂದು ನನ್ನ ಗಂಡ ಸಂದೀಪ್ ಸುದ್ದಿ ತಂದ. ಆದರೂ ನನಗೆ ನೆಮ್ಮದಿಯಿಲ್ಲ. ಕಿಟಕಿ ಮುಚ್ಚಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ.

ಈ ಬೆಳಿಗ್ಗೆ ಇನ್ನೊಂದು ಹೊಸ ಗೀರು! ಮಂಚದ ಕೆಳಗೆಲ್ಲ ಬಗ್ಗಿ ಕೆಂಚನನ್ನು ಹುಡುಕಿದೆ. ಅಷ್ಟರಲ್ಲಿ ಇಂಚರಾ ನಿದ್ದೆಗಣ್ಣಲ್ಲೇ ಕೆನ್ನೆ ಉಜ್ಜಿಕೊಂಡಳು, ನನ್ನೆದುರೇ ಕೆಂಪು ಗೆರೆ ಮೂಡಿತು. ಮಂಗಳವಾರ ಬೇಡ, ಶುಕ್ರವಾರ ಬೇಡ, ದೀಪ ಹಚ್ಚಿದ ಮೇಲಂತೂ ಬೇಡವೇ ಬೇಡ ಎಂಬ ಅತ್ತೆಯ ಮಾತು ಕೇಳಿಕೊಂಡು, ಮಗುವಿನ ಉಗುರು ತೆಗೆಯುವುದನ್ನೇ ಮುಂದೂಡುತ್ತಾ ಬಂದಿದ್ದೆ.

ಫೋನ್ ಎತ್ತಿಕೊಂಡೆ.

"ಅಕ್ಕಾ, ಕೆಂಚನ್ನ ಯಾರಿಗೂ ಕೊಡಬೇಡಿ, ಪರಚಿದ್ದು ಅವನಲ್ಲ. ಮಗುವಿಗೇ ಉಗುರು ತೆಗೀಬೇಕು, ನನಗೊಬ್ಬಳಿಗೇ ಆಗಲ್ಲ. ಇವತ್ತು ಮಂಗಳವಾರ, ಆದ್ರೂ ಪರವಾಗಿಲ್ಲ. ಅವನನ್ನೂ ಕರ್ಕೊಂಡು ಬರ್ತೀರಾ?"